ಸೈಗಾನ್‌ನಲ್ಲಿ ‘ಓಮ್’ ಅಂದ್ರೆ ಕಾಯಿಲೆ ಅಲ್ಲ: ಸಣ್ಣಗಿರೋರಿಗೆ ವಿಯೆಟ್ನಾಂ ಜನ ಹೇಳೋ ಮಾತುಗಳು

ಪ್ರಶ್ನೆ: ಮೇಡಂ ನಮಸ್ತೆ. ನಾನು ತಿಪಟೂರಿನವಳು, ವಯಸ್ಸು 31, ಯೋಗ ಟೀಚರ್ ಆಗಿ ವಿಯೆಟ್ನಾಂಗೆ ಬಂದು ನಾಲ್ಕು ವರ್ಷ ಆಯ್ತು. ಮೊದಲು ಹನೋಯ್‌ನಲ್ಲಿದ್ದೆ, ಐದು ತಿಂಗಳಿಂದ ಸೈಗಾನ್‌ನಲ್ಲಿದೀನಿ. ಹೈಟು 158 ಸೆಂ.ಮೀ., ತೂಕ 47 ಕೆಜಿ, ಕಾಲೇಜಲ್ಲಿದ್ದಾಗಿಂದ್ಲೂ ಹಿಂಗೇ. ಹನೋಯ್‌ನಲ್ಲಿ ಮನೆ ಓನರ್ ಆಂಟಿ ದಿನಾ ಮೆಟ್ಟಿಲ ಹತ್ರ ನಿಲ್ಲಿಸಿ “ಗಯ್ ನ್ಯು ಕಾ ಮಮ್” ಅಂತಿದ್ರು, ಆ್ಯಪಲ್ಲಿ ಹಾಕಿದ್ರೆ ‘ಮೀನಿನ ಸಾಸ್‌ನಂತೆ ತೆಳು’ ಅಂತ ಬಂತು. ಸ್ಟೂಡೆಂಟ್ಸು ಝಾಲೋ (ಇಲ್ಲಿನ ವಾಟ್ಸಾಪ್ ಥರದ ಆ್ಯಪ್) ಗ್ರೂಪಲ್ಲಿ ನನ್ನ ‘ಕೊ ಹುವಂಗ್’ ಅಂತ ಬರೀತಿದ್ರು. ಹುವಂಗ್ ಅನ್ನೋದು ಅಲ್ಲಿ ಹೆಣ್ಮಕ್ಕಳ ಹೆಸರು, ಟೀಚರ್‌ಗೆ ಕೋ ಅಂತಾರೆ, ಪ್ರೀತಿಯಿಂದ ಒಂದು ಹೆಸರು ಇಟ್ಟಿದಾರೆ ಅಂತ ಎರಡು ವರ್ಷ ಖುಷಿಯಾಗಿದ್ದೆ. ಮೊನ್ನೆ ಒಬ್ಬಳು ಅದು ಹೆಸರಲ್ಲ, ಹಕ್ಕಿ ಅಂದ್ಲು. ಈಗ ಸೈಗಾನ್‌ನಲ್ಲಿ ಎಲ್ರೂ “ಕೋ ಓಮ್ ಕ್ವಾ” ಅಂತಾರೆ. ಹನೋಯ್‌ನಲ್ಲಿ ಓಮ್ ಅಂದ್ರೆ ಹುಷಾರಿಲ್ಲ ಅಂತ ಕಲಿತಿದ್ದೆ. ನನಗೇನೋ ಕಾಯಿಲೆ ಇದೆ ಅಂತ ಇವರಿಗೆ ಕಾಣ್ತಿದೆಯಾ? ಇವೆಲ್ಲ ಬೈಗುಳನಾ ತಮಾಷೆನಾ? ಏನು ಉತ್ತರ ಕೊಡಬೇಕು? ನಾನೂ ಇಂಥ ಮಾತು ಬಳಸಬಹುದಾ?

ಉತ್ತರ: ನಿಮ್ಮ ಕಾಗದ ಓದಿ ಕೊ ಹುವಂಗ್ ಹತ್ರ ಬಂದಾಗ ನಕ್ಕುಬಿಟ್ಟೆ, ಬೇಜಾರು ಮಾಡ್ಕೋಬೇಡಿ, ಯಾಕಂದ್ರೆ ದುಭಾಷಿ ಕೆಲಸ ಶುರು ಮಾಡಿದ ಹೊಸದ್ರಲ್ಲಿ ನಾನು ಮಾಡಿರೋ ಎಡವಟ್ಟು ಇದಕ್ಕಿಂತ ದೊಡ್ಡದು, ಮುಂದೆ ಹೇಳ್ತೀನಿ. ನೀವು ಕೇಳ್ತಿರೋದ್ರಲ್ಲಿ ಎರಡು ಭಯ ಒಂದಕ್ಕೊಂದು ಸಿಕ್ಕಾಕ್ಕೊಂಡಿವೆ. ಒಂದು, ಮೈಯಲ್ಲಿ ಏನೋ ತೊಂದರೆ ಇದೆಯಾ ಅನ್ನೋದು. ಇನ್ನೊಂದು, ಇವರೆಲ್ಲ ನನ್ನ ಆಡ್ಕೊಳ್ತಿದಾರಾ ಅನ್ನೋದು. ಮೊದಲನೇದು ಬೇಗ ಬಗೆಹರಿಯುತ್ತೆ.

ವಿಯೆಟ್ನಾಂ ಉತ್ತರದಲ್ಲಿ ಸಣ್ಣಗಿರೋದಕ್ಕೆ ‘ಗಯ್’ ಅಂತಾರೆ, ಹುಷಾರಿಲ್ಲ ಅನ್ನೋದಕ್ಕೆ ‘ಓಮ್’ ಅಂತಾರೆ. ದಕ್ಷಿಣದಲ್ಲಿ ಅದೇ ಓಮ್ ಅಂದ್ರೆ ಸಣಕಲು, ಹುಷಾರಿಲ್ಲ ಅನ್ನೋಕೆ ‘ಬೆನ್’ ಅಂತ ಬೇರೆ ಪದ ಇದೆ. ಅಷ್ಟೇ. ಸೈಗಾನ್‌ನಲ್ಲಿ “ಕೋ ಓಮ್ ಕ್ವಾ” ಅಂದ್ರೆ “ಟೀಚರ್ ತುಂಬಾ ಸಣ್ಣ ಇದೀರ” ಅಂತ, ಹನೋಯ್‌ನಲ್ಲಿ ಅದೇ ಮಾತು ಹೇಳಿದ್ರೆ ಮಾತ್ರೆ ಡಬ್ಬಿ ಹುಡುಕ್ತಾರೆ. ಇದು ಆ ದೇಶದವರೇ ತಮ್ಮತಮ್ಮಲ್ಲಿ ತಮಾಷೆ ಮಾಡ್ಕೊಳ್ಳೋ ವಿಷಯ, ಉತ್ತರದ ಸೊಸೆ ದಕ್ಷಿಣದ ಅತ್ತೆ ಮನೆಗೆ ಬಂದ್ರೆ ಮೊದಲ ವಾರ ಇದೇ ಗೊಂದಲ.

ನನ್ನ ಎಡವಟ್ಟು ಕೇಳಿ. ನಾನು ಭಾಷೆ ಕಲಿತಿದ್ದು ಹನೋಯ್ ಕಡೆಯವರ ಹತ್ರ. ಮೊದಲ ದೊಡ್ಡ ಕೆಲಸ ಸಿಕ್ಕಿದ್ದು ಸೈಗಾನ್‌ನಲ್ಲಿ, ಬಟ್ಟೆ ವ್ಯಾಪಾರಕ್ಕೆ ಅಂತ ಬೆಂಗಳೂರಿಂದ ಬಂದಿದ್ದ ಒಬ್ಬ ಹಿರಿಯರ ಜೊತೆ. ಅವರು ವರ್ಷಕ್ಕೊಂದು ಸಲ ಬರೋರು, ಆ ವರ್ಷ ಡಯಟ್ ಮಾಡಿ ಏಳೆಂಟು ಕೆಜಿ ಇಳಿಸಿದ್ರು. ಫ್ಯಾಕ್ಟರಿ ಅಕೌಂಟೆಂಟ್ ಹೆಂಗಸು ನೋಡಿದ ತಕ್ಷಣ “ಅಯ್ಯೋ ಅಣ್ಣ ಯಾಕಿಷ್ಟು ಓಮ್ ಆಗಿದಾರೆ” ಅಂದ್ಲು, ನಾನು ಸೀರಿಯಸ್ಸಾಗಿ “ಸರ್, ನಿಮ್ಮನ್ನ ನೋಡಿದ್ರೆ ಏನೋ ಕಾಯಿಲೆ ಇದ್ದಂಗಿದೆ ಅಂತಿದಾರೆ” ಅಂತ ಅನುವಾದ ಮಾಡಿದೆ. ಪಾಪ ಮನುಷ್ಯ ಮಧ್ಯಾಹ್ನ ಊಟ ಸರಿಯಾಗಿ ಮಾಡಲಿಲ್ಲ. ಊರಿಗೆ ಹೋಗಿ ಫುಲ್ ಬಾಡಿ ಚೆಕಪ್ ಮಾಡಿಸಿ, ಎಲ್ಲಾ ನಾರ್ಮಲ್ ಅಂತ ರಿಪೋರ್ಟ್ ಫೋಟೋ ನನಗೆ ಕಳಿಸಿದ್ರು. ಆ ಫೋಟೋ ನೋಡಿದ ದಿನ ನನಗೆ ಓಮ್ ಪಾಠ ಜನ್ಮಕ್ಕಾಗುವಷ್ಟು ಆಯ್ತು. ಅಂದಹಾಗೆ ನಮ್ಮ ಕಿವಿಗೆ ಅದು ಸಾಕ್ಷಾತ್ ಓಂಕಾರ, ಯೋಗ ಕ್ಲಾಸಲ್ಲಿ ನೀವು ಮೂರು ಸಲ ಓಂ ಹೇಳಿಸುವಾಗ ಹೊಸ ಸ್ಟೂಡೆಂಟ್ಸ್ ಮುಖ ಒಂಥರಾ ಆಗೋದು ನೋಡಿರ್ತೀರ, ಕಾರಣ ಈಗ ಗೊತ್ತಾಯ್ತಲ್ಲ. ಅದೃಷ್ಟಕ್ಕೆ ನೀವು ಎಳೆದು ಸಮವಾಗಿ ಹೇಳ್ತೀರ, ಕಾಯಿಲೆಯ ಓಮ್‌ಗೆ ಸ್ವರ ಮೇಲಕ್ಕೆ ಏರಬೇಕು. ಸಮವಾಗಿ ಹೇಳಿದ್ರೆ ಅಲ್ಲಿ ‘ತಬ್ಬಿಕೋ’ ಅಂತ ಅರ್ಥ, ಬೈಕ್ ಟ್ಯಾಕ್ಸಿಗೆ ‘ಸೆ ಓಮ್’ ಅಂತ ಹೆಸರು ಬಂದಿರೋದೇ ಅದರಿಂದ, ಹಿಂದೆ ಕೂತೋರು ಓಡಿಸೋರನ್ನ ತಬ್ಬಿಕೊಂಡು ಹೋಗೋ ಗಾಡಿ.

ಮೈ ವಿಷಯಕ್ಕೆ ನಾನು ಡಾಕ್ಟರಲ್ಲ, ಆದ್ರೆ ಲೆಕ್ಕ ಬರುತ್ತೆ. ನೀವು ಕೊಟ್ಟ ಹೈಟು ತೂಕಕ್ಕೆ ಬಿಎಂಐ 18.8 ಆಸುಪಾಸು ಬರುತ್ತೆ, ಕಡಿಮೆ ತೂಕ ಅನ್ನೋ ಗೆರೆ ಇರೋದು 18.5ಕ್ಕೆ. ಅಂಚಲ್ಲಿದೀರ, ಒಳಗೇ ಇದೀರ. ಭಾಷೆ ಕಡೆಯಿಂದ ಒಂದು ಸುಳಿವು ಕೊಡ್ತೀನಿ, ಇದು ಯಾವ ಆ್ಯಪೂ ಹೇಳಲ್ಲ. ಬರೀ “ಗಯ್ ಕ್ವಾ”, “ಓಮ್ ಕ್ವಾ” ಅಂದ್ರೆ ನೀವು ಇರೋದೇ ಹಂಗೆ ಅಂತ. “ಗಯ್ ಡೀ” ಅಂದ್ರೆ ಸೊರಗಿ ಹೋಗಿದೀರ ಅಂತ. ಆ ‘ಡೀ’ ಅಂದ್ರೆ ‘ಹೋಗು’. ವಿಯೆಟ್ನಾಮಿನಲ್ಲಿ ಸಣ್ಣ ಆಗೋದು, ವಯಸ್ಸಾಗೋದು, ರೂಪ ಕೆಡೋದು ಎಲ್ಲಾ ‘ಹೋಗೋದು’. ದಪ್ಪ ಆಗೋದು, ಚೆಂದ ಆಗೋದು, ವಯಸ್ಸು ಕಮ್ಮಿ ಕಾಣೋದು ಎಲ್ಲಾ ‘ರಾ’, ಅಂದ್ರೆ ‘ಹೊರಗೆ ಬರೋದು’. ನಾವೂ ಹಿಂಗೇ ಅಲ್ವಾ, ಸೊರಗಿ ಹೋದ, ಬಾಡಿ ಹೋದ, ಇಳಿದು ಹೋದ ಅಂತೀವಿ, ಆದ್ರೆ ಮುಖಕ್ಕೆ ಕಳೆ ಬಂತು, ಮೈ ತುಂಬಿ ಬಂತು ಅಂತೀವಿ. ಹಂಗಾಗಿ ಬೇರೆಬೇರೆ ಜನ, ಒಬ್ಬರಿಗೊಬ್ಬರು ಗೊತ್ತಿಲ್ಲದೋರು, ಒಂದೆರಡು ತಿಂಗಳಲ್ಲಿ ‘ಡೀ’ ಸೇರಿಸಿ ಹೇಳೋಕೆ ಶುರು ಮಾಡಿದ್ರೆ, ಅಥವಾ “ಹೋಕ್ ಹಾಕ್” ಅನ್ನೋ ಪದ ಬಂದ್ರೆ (ಕೆನ್ನೆ ಗುಳಿಬಿದ್ದು ಮುಖ ಬತ್ತಿರೋದು), ಆಗ ತೂಕದ ಮಷೀನ್ ಮೇಲೆ ನಿಂತು ನೋಡಿ, ನೀವಾಗಿ ಇಳಿಸದೇ ತೂಕ ಇಳಿದಿದ್ರೆ ಡಾಕ್ಟರ್ ಹತ್ರ ಹೋಗಿ. ಈಗ ಅವರು ಹೇಳ್ತಿರೋದ್ರಲ್ಲಿ ಅದಿಲ್ಲ.

ಇನ್ನು ಮೀನು. ಆ್ಯಪ್ ನಿಮಗೆ ‘ಮೀನಿನ ಸಾಸ್’ ಅಂತ ಹೇಳಿದ್ದು ಸುಳ್ಳು. ಸಾಸ್‌ಗೆ ‘ನೂಕ್ ಮಮ್’ ಅಂತಾರೆ, ನೂಕ್ ಅಂದ್ರೆ ನೀರು, ಫು ಕ್ವೋಕ್ ದ್ವೀಪದ್ದು ಫೇಮಸ್ಸು, ಸಣ್ಣ ಮೀನನ್ನ ಉಪ್ಪಲ್ಲಿ ಹಾಕಿ ಒಂದು ವರ್ಷದ ಹತ್ರ ಇಟ್ಟು ಇಳಿಸೋ ರಸ ಅದು. ‘ಕಾ ಮಮ್’ ಬೇರೆ, ಅದು ಉಪ್ಪಲ್ಲಿ ಕೂತ ಮೀನು. ಉಪ್ಪು ನೀರನ್ನೆಲ್ಲ ಎಳ್ಕೊಂಡುಬಿಡುತ್ತೆ, ಮೀನಿನ ಹೊಟ್ಟೆ ಬೆನ್ನಿಗೆ ಅಂಟುತ್ತೆ, ಪಕ್ಕೆಲುಬು ಚರ್ಮದಡಿ ಗೀರು ಎಳೆದಂಗೆ ಕಾಣುತ್ತೆ, ಕಣ್ಣು ಮಾತ್ರ ದೊಡ್ಡದಾಗಿ ಉಳಿಯುತ್ತೆ. ಆ ಆಂಟಿ ಹೇಳಿದ್ದು ಇದನ್ನ. ನಮ್ಮ ಕರಾವಳಿ ಸಂತೇಲಿ ಒಣಮೀನು ರಾಶಿ ನೋಡಿರೋರಿಗೆ ಬೇರೆ ವಿವರಣೆ ಬೇಡ. ಚೆಂದದ ಮಾತಲ್ಲ, ಒಪ್ಕೋತೀನಿ, ಆದ್ರೆ ಹನೋಯ್ ಅಜ್ಜಿಯರು ಇದನ್ನ ಹೇಳೋದು ಹೆಚ್ಚಾಗಿ ಮನೆ ಮೊಮ್ಮಕ್ಕಳಿಗೆ. ಬೀದೀಲಿ ಹೋಗೋ ಅಪರಿಚಿತರಿಗೆ ಹೇಳಲ್ಲ. ಆ ಆಂಟಿ ನಿಮ್ಮನ್ನ ಏನಂತ ಕರೀತಿದ್ರು ಅಂತ ನೆನಪು ಮಾಡ್ಕೊಳ್ಳಿ. ‘ಚಾವ್’ ಅಂತಿದ್ರೆ ಅದು ಮೊಮ್ಮಗಳು, ಅಣ್ಣನ ಮಗಳು ಅನ್ನೋ ಸ್ಥಾನ. ಆ ಭಾಷೇಲಿ ನಾನು-ನೀನು ಅನ್ನೋದು ಕಮ್ಮಿ, ಎಲ್ಲಾ ಚಿಕ್ಕಪ್ಪ ದೊಡ್ಡಮ್ಮ ಅಕ್ಕ ತಂಗಿ ಲೆಕ್ಕದಲ್ಲೇ ಮಾತು. ಮೊಮ್ಮಗಳ ಸ್ಥಾನ ಕೊಟ್ಟ ಮೇಲೆ ಅಜ್ಜಿ ಬಾಯಿಗೆ ಲೈಸೆನ್ಸ್ ಬೇಕಾ?

ಈಗ ನಿಮ್ಮ ಹಕ್ಕಿಗೆ ಬರೋಣ, ನನಗೆ ಇದರ ಬಗ್ಗೆ ಮಾತಾಡೋಕೆ ಇಷ್ಟ.

ಟೀಚರ್‌ಗೆ ಹೇಳೋ ‘ಕೋ’ ದೀರ್ಘ, ದುಂಡಗೆ, ಸಮಸ್ವರ. ಹಕ್ಕಿಯ ‘ಕೊ’ ಬಾಯಿ ಸ್ವಲ್ಪ ತೆಗೆದು, ಸ್ವರ ಕೆಳಗಿಳಿಸಿ. ಬರವಣಿಗೇಲಿ ಎರಡಕ್ಕೂ ತಲೆ ಮೇಲಿನ ಗುರುತು ಬೇರೆಬೇರೆ, ಆದ್ರೆ ಮೆಸೇಜ್ ಮಾಡುವಾಗ ಎಷ್ಟೋ ಜನ ಗುರುತೇ ಹಾಕಲ್ಲ, ಆಗ ಎರಡೂ ಒಂದೇ ಥರ ಕಾಣುತ್ತೆ. ನಿಮ್ಮ ಸ್ಟೂಡೆಂಟ್ಸು ಆ ಗೊಂದಲವನ್ನೇ ಇಟ್ಕೊಂಡು ಆಟ ಆಡಿದಾರೆ, ‘ಹುವಂಗ್ ಟೀಚರ್’ ಅಂತ ಓದಿದ್ರೂ ಸರಿ, ‘ಬೆಳ್ಳಕ್ಕಿ’ ಅಂತ ಓದಿದ್ರೂ ಸರಿ. ಕೆಟ್ಟ ಜೋಕ್ ಅಲ್ಲ ಅದು, ಇಷ್ಟ ಇಲ್ಲದ ಟೀಚರ್ ಮೇಲೆ ಯಾರೂ ಅಷ್ಟು ತಲೆ ಖರ್ಚು ಮಾಡಲ್ಲ. “ಗಯ್ ನ್ಯು ಕೊ ಹುವಂಗ್” ಅನ್ನೋದು ಹಳೇ ಮಾತು, ಉದ್ದ ಕತ್ತು ಉದ್ದ ಕಾಲಿನ ಒಂದು ಜಾತಿ ಕೊಕ್ಕರೆ ಅದು, ಎತ್ತರ ಇದ್ದು ಮಾಂಸ ಇಲ್ಲದೋರಿಗೆ ಹೇಳೋದು. 158 ಸೆಂ.ಮೀ. ಇರೋ ನಿಮಗೆ ಯಾಕೆ ಅಂದ್ರು ಅಂದ್ರೆ, ನನ್ನ ಊಹೆ, ಒಂಟಿಕಾಲಲ್ಲಿ ನಿಲ್ಲಿಸ್ತೀರಲ್ಲ ವೃಕ್ಷಾಸನ, ಅದಕ್ಕೇ ಇರಬೇಕು.

ಕೊ ಅಂದ್ರೆ ಗದ್ದೆ ಹಕ್ಕಿ. ಹನೋಯ್ ಸುತ್ತಲಿನ ಕೆಂಪು ನದಿ ಬಯಲಲ್ಲಿ ಬಸ್ಸಲ್ಲಿ ಹೋದ್ರೆ ಎಲ್ಲಿ ನೋಡಿದ್ರೂ ಇದೇ, ಕೆಸರಲ್ಲಿ ಒಂದೊಂದೇ ಹೆಜ್ಜೆ ಇಟ್ಕೊಂಡು ಹುಳ ಹುಡುಕ್ತಾ ಇರುತ್ತೆ. ಅವರ ಜನಪದ ಹಾಡುಗಳಲ್ಲಿ ಈ ಹಕ್ಕಿ ಅಂದ್ರೆ ದುಡಿಯೋ ಹೆಂಗಸು. ನದಿ ದಡದಲ್ಲಿ ಒದ್ದಾಡೋ ಬೆಳ್ಳಕ್ಕಿ ಅಕ್ಕಿ ಹೊತ್ತು ಗಂಡನ್ನ ಸಾಕುತ್ತೆ, ಬಿಕ್ಕಿಬಿಕ್ಕಿ ಅಳುತ್ತೆ ಅಂತ ಒಂದು ಹಾಡು ಎಲ್ಲರ ಬಾಯಲ್ಲೂ ಇದೆ. ‘ಥನ್ ಕೊ’, ಅಂದ್ರೆ ಬೆಳ್ಳಕ್ಕಿ ದೇಹ, ಅಂದ್ರೆ ಸವೆದ ಹೆಂಗಸಿನ ಬದುಕು. 1907ರಲ್ಲಿ ತೀರಿಕೊಂಡ ಕವಿ ತೂ ಸುವಂಗ್ ತಮ್ಮ ಹೆಂಡತಿ ವ್ಯಾಪಾರ ಮಾಡಿ ಮನೆ ನಡೆಸ್ತಿದ್ದಿದ್ದನ್ನ ಬರೆಯುವಾಗ ಈ ಪದವನ್ನೇ ತಗೊಂಡ್ರು, ಅಲ್ಲಿನ ಮಕ್ಕಳು ಶಾಲೇಲಿ ಅದನ್ನ ಓದ್ತಾರೆ.

ಅದೇ ಉದ್ದ ಕಾಲು, ಅದೇ ಬಡಕಲು ಮೈ, ಆದ್ರೆ ಹಕ್ಕಿ ಬೇರೆ ಆದ್ರೆ ಮಾತೇ ಉಲ್ಟಾ ಆಗುತ್ತೆ. ‘ಹಾಕ್’ ಅಂದ್ರೆ ಸಾರಸ. ಹನೋಯ್ ಸಾಹಿತ್ಯ ದೇವಾಲಯ, ವಾನ್ ಮಿಯೆವ್ ಅಂತಾರಲ್ಲ, ಅಲ್ಲಿ ನೋಡಿರ್ತೀರ, ಆಮೆ ಬೆನ್ನ ಮೇಲೆ ನಿಂತಿರೋ ಸಾರಸ, ಹಳ್ಳಿ ದೇವಸ್ಥಾನಗಳಲ್ಲೂ ಇರುತ್ತೆ. (ಆ ಆಮೆ ಬಗ್ಗೆ ಒಂದು ಹಾಡಿದೆ, ಪಾಪದ ಆಮೆ ಊರ ದೇವಸ್ಥಾನಕ್ಕೆ ಹೋದ್ರೆ ಸಾರಸ ಹೊರಬೇಕು, ಪಗೋಡಕ್ಕೆ ಹೋದ್ರೆ ಶಾಸನದ ಕಲ್ಲು ಹೊರಬೇಕು ಅಂತ. ಆಫೀಸಲ್ಲಿ ಕೆಲಸ ಮಾಡೋ ಎಲ್ಲರಿಗೂ ಅರ್ಥ ಆಗುತ್ತೆ.) ಈ ಸಾರಸ ಇಟ್ಕೊಂಡು “ಮಿನ್ ಹಾಕ್ ಸುವಂಗ್ ಮಾಯ್” ಅಂತ ಒಂದು ನುಡಿಗಟ್ಟು ಇದೆ, ಸಾರಸದ ಮೈ, ಮಾಯ್ ಕೊಂಬೆಯ ಮೂಳೆ ಅಂತ. ಮಾಯ್ ಅಂದ್ರೆ ಚಳೀಲಿ ಎಲೆ ಇಲ್ಲದೆ ಹೂ ಬಿಡೋ ಗಿಡ, ಹಳೇ ಕಾವ್ಯದ್ದು, ನೀವು ಸೈಗಾನ್‌ನಲ್ಲಿ ಟೆಟ್ ಹಬ್ಬಕ್ಕೆ ನೋಡೋ ಹಳದಿ ಮಾಯ್ ಬೇರೆ ಗಿಡ. ಈ ಮಾತನ್ನ ತೆಳ್ಳಗೆ, ನಾಜೂಕಾಗಿ, ಮನೆತನಸ್ಥರ ಥರ ಇರೋ ಹೆಣ್ಣಿಗೆ ಹೇಳ್ತಾರೆ. ನ್ಗುಯೆನ್ ಝು ಬರೆದ 3,254 ಸಾಲಿನ ಕಿಯೆವ್ ಕಥೆ ಇದೆಯಲ್ಲ, ಅವರ ಭಾಷೆಯ ಮಹಾಕಾವ್ಯ, ಅದರಲ್ಲೂ ಅಕ್ಕತಂಗಿಯರಿಬ್ಬರನ್ನ ಮೊದಲು ವರ್ಣಿಸೋ ಕಡೆ ‘ಮಾಯ್ ಮೈಕಟ್ಟು, ಹಿಮದ ಮನಸ್ಸು’ ಅಂತಲೇ ಬರುತ್ತೆ.

ಇಲ್ಲಿ ಎಲುಬು ಎಷ್ಟು ಕಾಣ್ತಿದೆ ಅನ್ನೋದು ಮುಖ್ಯನೇ ಅಲ್ಲ. ಗದ್ದೇಲಿ ನಿಂತ ಎಲುಬಾದ್ರೆ ಅಯ್ಯೋ ಪಾಪ, ದೇವಸ್ಥಾನದಲ್ಲಿ ನಿಂತ ಎಲುಬಾದ್ರೆ ಆಹಾ. ಸಣ್ಣಗಿರೋದು ಹಸಿವಿನಿಂದ ಬಂದಿದ್ದಾ, ಹಸಿವೇ ಗೊತ್ತಿಲ್ಲದ ಮನೆಯಿಂದ ಬಂದಿದ್ದಾ ಅನ್ನೋದನ್ನ ಪದ ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತೆ. ಕನ್ನಡದಲ್ಲಿ ನಾವು ಇದನ್ನ ಒಂದೇ ಪದದಲ್ಲಿ ಮಾಡ್ಕೊಂಡಿದೀವಿ, ಹಳಗನ್ನಡ ಕಾವ್ಯದಲ್ಲಿ ‘ಬಡನಡು’ ಅಂದ್ರೆ ಸುಂದರಿಯ ಸೊಂಟ, ಬೀದೀಲಿ ‘ಬಡಕಲು’ ಅಂದ್ರೆ ಅಯ್ಯೋ ಊಟ ಹಾಕ್ರಪ್ಪ ಅಂತ, ಎರಡರಲ್ಲೂ ಇರೋದು ಅದೇ ‘ಬಡ’, ಬಡತನದಲ್ಲಿರೋದೂ ಅದೇ.

ಹೊಗಳಿಕೆ ಸಾಲಿನಲ್ಲಿ ಇನ್ನೊಂದಿದೆ, “ಥಟ್ ಡಾಯ್ ಲುಂಗ್ ಒಂಗ್”, ಕಣಜದ ಥರ ಕಟ್ಟಿದ ಸೊಂಟ. ಅಂಥ ಹೆಂಗಸು ಗಂಡನ್ನ ನೋಡ್ಕೊಳ್ಳೋದ್ರಲ್ಲೂ ಮಕ್ಕಳನ್ನ ಸಾಕೋದ್ರಲ್ಲೂ ಜಾಣೆ ಅಂತ ಗಾದೆ ಮುಂದುವರಿಯುತ್ತೆ, ಸೊಂಟಕ್ಕೂ ಮಕ್ಕಳ ಸಾಕಣೆಗೂ ಏನು ಸಂಬಂಧ ಅಂತ ನನ್ನ ಕೇಳಬೇಡಿ. ಈಗಿನ ಹುಡುಗೀರು ಕೇಳೋಕೆ ಇಷ್ಟಪಡೋದು “ಮನ್ ಮಾಯ್”, “ಥೊನ್ ಥಾ” ಅನ್ನೋ ಪದಗಳು, ನಾಜೂಕು, ತೆಳ್ಳಗೆ ತೀಡಿದಂಗೆ ಅಂತ. ಫ್ರೆಂಚರು ಬಿಟ್ಟು ಹೋದ ‘ಮಿ ನ್ಯೊನ್’ ಕೂಡ ಇದೆ, ಸಣ್ಣಗೆ ಮುದ್ದಾಗಿರೋರಿಗೆ.

ಇನ್ನೊಂದು ಕಡೆ ಪಟ್ಟಿ ಬಹಳ ಉದ್ದ. ಪುಳ್ಳೆ ಥರ, ಟೂತ್‌ಪಿಕ್ ಥರ, ದಕ್ಷಿಣದಲ್ಲಿ ಜೊಂಡಿನ ಕಡ್ಡಿ ಥರ. ಜೀರುಂಡೆ ಬಿಟ್ಟು ಹೋದ ಪೊರೆ ಥರ ಅಂತ ಒಂದಿದೆ, ‘ಸಾಕ್ ವೆ’, ಮರದ ತೊಗಟೇಲಿ ಕಾಲು ಕಣ್ಣು ಸಮೇತ ಅಂಟ್ಕೊಂಡಿರುತ್ತೆ, ಮುಟ್ಟಿದ್ರೆ ಪುಡಿ, ಒಳಗೇನೂ ಇರಲ್ಲ, ನನಗೆ ಎಲ್ಲದಕ್ಕಿಂತ ಭಯ ಆಗೋ ಹೋಲಿಕೆ ಅದು. “ಝಾ ಬೊಕ್ ಸುವಂಗ್” ಅಂದ್ರೆ ಎಲುಬಿಗೆ ಚರ್ಮ ಸುತ್ತಿದಂಗೆ, ಇದು ನಮಗೂ ಗೊತ್ತಿರೋದೇ, ಎಲುಬಿನ ಹಂದರ ಅಂತೀವಲ್ಲ. ಸೈಗಾನ್ ಹಿರಿಯರ ಬಾಯಲ್ಲಿ ‘ಬೊ ಸುವಂಗ್ ಕಾಕ್ ಚೀ’ ಅಂತ ಕೇಳಬಹುದು, ಕಾಕ್ ಚೀ ಥರದ ಅಸ್ಥಿಪಂಜರ ಅಂತ. ಕಾಕ್ ಚೀ ಏನು ಅಂದ್ರೆ ಫ್ರೆಂಚರ ಕಾಲದ ಶಾಲೇಲಿ ವಿಜ್ಞಾನ ಪಾಠಕ್ಕಿದ್ದ ಹೆಸರು. ಆ ಪಾಠಕ್ಕೆ ಅಂತ ತೋರಿಸ್ತಿದ್ದ ಅಸ್ಥಿಪಂಜರ. ವಿಷಯದ ಹೆಸರು ಬದಲಾಗಿ ಎಷ್ಟೋ ವರ್ಷ ಆಯ್ತು, ಈಗಿನ ಮಕ್ಕಳಿಗೆ ಕಾಕ್ ಚೀ ಅಂದ್ರೆ ಏನಂತಾನೇ ಗೊತ್ತಿಲ್ಲ, ಆದ್ರೂ ಅದರ ಅಸ್ಥಿಪಂಜರ ಮಾತ್ರ ನುಡಿಗಟ್ಟಲ್ಲಿ ಇನ್ನೂ ನಿಂತಿದೆ. ಇವೆಲ್ಲದರ ಜೊತೆ ಜೋಡುಪದಗಳು ಬೇರೆ, ಗಯ್ ಗೊ, ಗಯ್ ಗೂಅಕ್, ಗಯ್ ನ್ಯೊಮ್, ಓಮ್ ನ್ಯಾಕ್, ಶಬ್ದದಲ್ಲೇ ಎಲುಬು ತಾಗುತ್ತೆ. ನಾವು ಸಣಕಲು, ಒಣಕಲು, ಪೀಚಲು, ನರಪೇತಲ ಅಂದಂಗೆ. ಒಂದೊಂದಕ್ಕೂ ತೂಕ ಬೇರೆ, ಕಿವಿಗೆ ಬಿದ್ದುಬಿದ್ದೇ ಬರಬೇಕು.

ಇಷ್ಟೊಂದು ಯಾಕೆ ಅಂತ ಕೇಳಬಹುದು. ಒಬ್ಬರು ನನಗೆ ಹೇಳಿದ್ರು, “ವಿಯೆಟ್ನಾಂನೋರೆಲ್ಲ ಸಣ್ಣಗೇ ಇರ್ತಾರೆ, ಮತ್ತೆ ಬೇರೆಯೋರನ್ನ ಯಾಕೆ ಆಡ್ಕೋತಾರೆ” ಅಂತ. ಇನ್ನೊಂದು ನಂಬಿಕೆ, ಅಲ್ಲಿ ಸಣ್ಣಗಿದ್ರೇನೇ ಚೆಂದ, ಹಾಗಾಗಿ ಸಣ್ಣ ಅಂದ್ರೆ ಹೊಗಳ್ತಿದಾರೆ ಅಂತ. ಎರಡೂ ಅರ್ಧ ಸತ್ಯ ಕೂಡ ಅಲ್ಲ. ಸಿಟಿ ಹುಡುಗ ಹುಡುಗೀರಿಗೆ ಇವತ್ತು ಡಯಟ್ ಹುಚ್ಚು ಇದೆ ನಿಜ, ಆದ್ರೆ ಈ ಮಾತುಗಳನ್ನ ಹುಟ್ಟಿಸಿದೋರು ಡಯಟ್ ಮಾಡ್ದೋರಲ್ಲ. 1945ರ ಮೊದಲ ತಿಂಗಳುಗಳಲ್ಲಿ ಉತ್ತರ ವಿಯೆಟ್ನಾಂನಲ್ಲಿ ಭೀಕರ ಬರಗಾಲ ಬಿತ್ತು, ಯುದ್ಧಕಾಲ, ಜಪಾನಿ ಸೈನ್ಯ ಒಂದು ಕಡೆ, ಫ್ರೆಂಚ್ ಆಡಳಿತ ಇನ್ನೊಂದು ಕಡೆ, ಭತ್ತ ಕಿತ್ಕೊಂಡು ಹೋಗೋದು, ಭತ್ತದ ನೆಲದಲ್ಲಿ ಸೆಣಬು ಹಾಕಿಸೋದು. ಥಾಯ್ ಬಿನ್, ನಾಮ್ ಡಿನ್ ಕಡೆಯ ಹಳ್ಳಿಗಳು ಖಾಲಿಯಾದ್ವು. ಎಷ್ಟು ಜನ ಸತ್ರು ಅನ್ನೋದ್ರಲ್ಲಿ ಇತಿಹಾಸಕಾರರಿಗೆ ಒಂದೇ ಲೆಕ್ಕ ಇಲ್ಲ, ಸೆಪ್ಟೆಂಬರ್ 2ನೇ ತಾರೀಕು ಹೋ ಚಿ ಮಿನ್ ಸ್ವಾತಂತ್ರ್ಯ ಘೋಷಣೆ ಓದಿದಾಗ 20 ಲಕ್ಷಕ್ಕೂ ಹೆಚ್ಚು ಅಂತ ಹೇಳಿದ್ರು. ವೋ ಆನ್ ನಿನ್ ಅನ್ನೋ ಫೋಟೋಗ್ರಾಫರ್ ತೆಗೆದ ಚಿತ್ರಗಳಿವೆ. ಅವನ್ನ ನೋಡಿದ ಮೇಲೆ ಎಲುಬು-ಚರ್ಮ ಅನ್ನೋದು ಬರೀ ಹೋಲಿಕೆ ಅಂತ ಹೇಳೋಕೆ ನನಗೆ ನಾಲಿಗೆ ಬರಲ್ಲ.

ಅದಾದ ಮೇಲೆ ಯುದ್ಧಗಳು, ಅದಾದ ಮೇಲೆ ‘ಬಾವ್ ಕಪ್’ ಕಾಲ, ಅಂದ್ರೆ ಎಲ್ಲಾ ಸರ್ಕಾರವೇ ರೇಷನ್ನಲ್ಲಿ ಕೊಡ್ತಿದ್ದ ಕಾಲ, 1986ರಲ್ಲಿ ಡೊಯ್ ಮೊಯ್ ಅನ್ನೋ ಆರ್ಥಿಕ ಸುಧಾರಣೆ ಶುರುವಾಗೋವರೆಗೆ. ಅನ್ನಕ್ಕೆ ಮರಗೆಣಸು, ಸಿಹಿಗೆಣಸು, ಜೋಳ ಬೆರೆಸಿ ಹಿಗ್ಗಿಸ್ತಿದ್ರು. ಆ ಕಾಲದ ಒಂದು ಮಾತು ಇವತ್ತಿಗೂ ಚಾಲ್ತೀಲಿದೆ, ಮುಖ ಸಪ್ಪೆ ಮಾಡ್ಕೊಂಡಿರೋರಿಗೆ “ಅಕ್ಕಿ ಪುಸ್ತಕ ಕಳ್ಕೊಂಡಂಗಿದೀಯ” ಅಂತಾರೆ, ರೇಷನ್ ಪುಸ್ತಕ ಕಳೆದ್ರೆ ಮನೆ ಉಪವಾಸ. ನಿಮ್ಮ ಆಂಟಿಗೆ 60 ದಾಟಿದ್ರೆ ಆ ಪುಸ್ತಕ ಹಿಡ್ಕೊಂಡು ಬೆಳಗಿನ ಜಾವ ಕ್ಯೂ ನಿಂತಿರ್ತಾರೆ. ಅವರ ಪ್ರಕಾರ ಮೈ ತುಂಬಿಕೊಂಡಿರೋದೇ ಆರೋಗ್ಯ, “ಕೊ ಝಾ ಕೊ ಥಿಟ್”, ಚರ್ಮ ಇದೆ ಮಾಂಸ ಇದೆ ಅನ್ನೋದು ಅವರ ಬಾಯಲ್ಲಿ ಹೊಗಳಿಕೆ. ನೀವು ಸಂಬಳ ತಗೊಂಡು, ಬಾಡಿಗೆ ಕೊಟ್ಟು, ಆಮೇಲೂ ಕಾ ಮಮ್ ಥರ ಇದ್ರೆ ಅವರಿಗೆ ಅರ್ಥ ಆಗೋದು ಒಂದೇ, ಈ ಹುಡುಗಿ ದುಡ್ಡೆಲ್ಲ ಊರಿಗೆ ಕಳಿಸಿ ಹೊಟ್ಟೆಗೆ ತಿಂತಿಲ್ಲ. ಹನೋಯ್‌ನಲ್ಲಿ ನಾನಿದ್ದ ಗಲ್ಲೀಲಿ ಏಡಿ ಸಾರಿನ ಶಾವಿಗೆ, ಬುನ್ ರಿಯೆವ್, ಮಾರೋ ಹೆಂಗಸು ಇದ್ಲು, ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲು, ಬೆಳಗ್ಗೆ ಆರಕ್ಕೆ. ನನ್ನ ಮಣಿಕಟ್ಟನ್ನ ತನ್ನ ಎರಡು ಬೆರಳಲ್ಲಿ ಸುತ್ತಿ ಹಿಡಿದು, ಬೆರಳು ಒಂದರ ಮೇಲೊಂದು ಬಂತು ಅಂತ ಪಕ್ಕದೋರಿಗೆಲ್ಲ ತೋರಿಸಿ, “ಗಯ್ ಥೆ”, ಎಷ್ಟು ಸಣ್ಣ ಇದೀಯ, ಅಂದು, ಕೇಳದೇನೇ ಇನ್ನೊಂದು ಸೌಟು ಸಾರು, ಎರಡು ತುಂಡು ಟೋಫು ಹಾಕೋಳು. ಅದಕ್ಕೆ ದುಡ್ಡು ಒಂದು ದಿನಾನೂ ತಗೊಳ್ಳಲಿಲ್ಲ. ಬೈಗುಳ ಅಂತ ಹೆಂಗೆ ಅಂದ್ಕೊಳ್ಳಲಿ.

ಆದ್ರೂ ಎಲ್ಲಾ ಪ್ರೀತೀನೇ ಅಂತ ನಾನು ಹೇಳಲ್ಲ. ಚುಚ್ಚೋಕೂ ಬಳಸ್ತಾರೆ. ವಯಸ್ಸಲ್ಲಿ ನಿಮಗೆ ಸಮ ಇರೋರು, ನಾಲ್ಕು ಜನರ ಮುಂದೆ, ‘ನಡೆದಾಡೋ ಟೂತ್‌ಪಿಕ್’, ‘ಡ್ರಗ್ಸ್ ತಗೊಳ್ಳೋರ ಥರ ಇದೀಯ’ ಅಂದ್ರೆ ಅದು ಅಕ್ಕರೆ ಅಲ್ಲ. “ಚೂಕ್ ಸಾವ್ ನ್ಯು ಮೋಟ್” ಅಂತ ಒಂದು ಕಿಡಿಗೇಡಿ ಮಾತಿದೆ, ಅದರ ನಿಜ ಅರ್ಥ ‘ಮೊದಲೂ ಆಮೇಲೂ ಒಂದೇ’, ಅಂದ್ರೆ ಮಾತಿಗೆ ತಪ್ಪದ ನಿಷ್ಠಾವಂತ, ಹೆಣ್ಮಕ್ಕಳ ಮೈಗೆ ಹೇಳಿದಾಗ ‘ಮುಂದೂ ಹಿಂದೂ ಒಂದೇ ಸಪಾಟು’. ಗಂಡಸು ಸಹೋದ್ಯೋಗಿ ಇದನ್ನ ಹೇಳಿದ್ರೆ ನಗಬೇಕಾಗಿಲ್ಲ.

ಏನು ಉತ್ತರ ಕೊಡಬೇಕು ಅಂದ್ರೆ, ಸುಮ್ನೆ ನಕ್ಕು ಮುಂದೆ ಹೋಗೋದು ಸುಲಭ, ಆದ್ರೆ ಅಲ್ಲಿ ನಗು ಅಂದ್ರೆ ಮುಂದುವರಿಸಿ ಅಂತಲೂ ಆಗುತ್ತೆ, ನಾಳೆ ಮತ್ತೆ ಅದೇ. ಬಿಎಂಐ ಲೆಕ್ಕ ಹೇಳಿ ವಾದ ಮಾಡಬೇಡಿ, ನಾನು ಮಾಡಿ ನೋಡಿದೀನಿ, ಎದುರಿನೋರಿಗೆ ಮುಖಭಂಗ ಆದಂಗೆ ಆಗುತ್ತೆ, ನಿಮ್ಮ ಆರೋಗ್ಯ ವಿಚಾರಿಸಿದ್ದಕ್ಕೆ ನೀವು ರಿಪೋರ್ಟ್ ಎಸೆದಂಗೆ. ನಿಜವಾಗ್ಲೂ ನೋವಾದ್ರೆ, ಹಿರಿಯರಾದ್ರೆ ಒಬ್ಬರೇ ಇದ್ದಾಗ, ನಿಮ್ಮನ್ನ ‘ಚಾವ್’ ಅಂತಲೇ ಕರ್ಕೊಂಡು, ಆ ಮಾತು ಕೇಳಿದ್ರೆ ಚಾವ್‌ಗೆ ಬೇಜಾರಾಗುತ್ತೆ ಅನ್ನಿ, ಬುವೊನ್ ಅಂತಾರೆ ಬೇಜಾರಿಗೆ. ಜನರ ಮುಂದೆ ಅನ್ನಬೇಡಿ. ಸಮವಯಸ್ಕರು ಮಿತಿ ಮೀರಿದ್ರೆ ನಗದೇ ಒಂದು ಕ್ಷಣ ಸುಮ್ನೆ ನೋಡಿ ವಿಷಯ ಬದಲಿಸಿ, ಅಲ್ಲಿ ಆ ಮೌನ ಚೆನ್ನಾಗಿ ಅರ್ಥ ಆಗುತ್ತೆ.

ನೀವು ಬಳಸಬಹುದಾ ಅಂದ್ರೆ, ನಿಮ್ಮ ಬಗ್ಗೆ ನೀವೇ ಎಷ್ಟು ಬೇಕಾದ್ರೂ ಹೇಳ್ಕೊಳ್ಳಿ, ಗ್ರೂಪಲ್ಲಿ ಕೊ ಹುವಂಗ್ ಅಂತ ನೀವೇ ಸಹಿ ಹಾಕಿದ್ರೆ ಜೋಕ್ ನಿಮ್ಮ ಕೈಗೆ ಬರುತ್ತೆ. ಬೇರೆಯೋರ ಮೈ ಬಗ್ಗೆ ಕ್ಲಾಸಲ್ಲಿ ಬೇಡ. ನೀವು ಟೀಚರ್, ಅಲ್ಲಿ ಟೀಚರ್ ಮಾತಿಗೆ ತೂಕ ಜಾಸ್ತಿ, ಆಂಟಿಗಿರೋ ಲೈಸೆನ್ಸ್ ನಿಮಗಿಲ್ಲ. ಕಾಯಿಲೆಯಿಂದ ಎದ್ದೋರಿಗೆ, ಹೆರಿಗೆ ಆದೋರಿಗೆ, ವಯಸ್ಸಾದೋರಿಗೆ ಪುಳ್ಳೆ ಪೊರೆ ಒಣಮೀನು ಯಾವುದೂ ಬೇಡವೇ ಬೇಡ. ಹೊಗಳಬೇಕು ಅನ್ಸಿದ್ರೆ ಥೊನ್ ಥಾ ಸಾಕು, ಸಾರಸದ ಮಾತು ಬಾಯಲ್ಲಿ ಹೇಳಿದ್ರೆ ನಾಟಕದ ಡೈಲಾಗ್ ಥರ ಕೇಳುತ್ತೆ.

ಆಂಟಿಗೆ ಕೊಡೋ ಉತ್ತರ ಒಂದಿದೆ, ಅವರದೇ ಗಾದೆ, “ಗಯ್ ಲಾ ಥಯ್ ಕಮ್”. ಕಮ್ ಅಂದ್ರೆ ಅನ್ನ, ಥಯ್ ಅಂದ್ರೆ ಗುರು, ಮೇಷ್ಟ್ರು. ಸಣ್ಣಗಿರೋನೇ ಅನ್ನಕ್ಕೆ ಗುರು, ಅಂದ್ರೆ ಒಣಕಲು ಅಂತ ಅಂದ್ಕೋಬೇಡಿ, ಊಟಕ್ಕೆ ಕೂತ್ರೆ ಪಾತ್ರೆ ಖಾಲಿ ಅಂತ. ಮುಂದಿನ ಸಲ ಹನೋಯ್‌ಗೆ ಹೋದಾಗ ಮೆಟ್ಟಿಲ ಹತ್ರ ಕಾ ಮಮ್ ಅಂದ ತಕ್ಷಣ ಇದನ್ನ ಹೇಳಿ, ಆಂಟಿ ಜೋರಾಗಿ ನಕ್ಕು ನಿಮ್ಮನ್ನ ಊಟಕ್ಕೆ ಎಳ್ಕೊಂಡು ಹೋಗದಿದ್ರೆ ನನಗೆ ಬರೀರಿ. ಆದ್ರೆ ಮೊದಲು ಯಾರಾದ್ರೂ ಸ್ಟೂಡೆಂಟ್ ಹತ್ರ ಸ್ವರ ತಿದ್ದಿಸ್ಕೊಳ್ಳಿ. ಗಯ್ ಅನ್ನೋದನ್ನ ಮೆತ್ತಗೆ ಕೆಳಗಿಳಿಸಬೇಕು. ನಾನು ಮೊದಲ ಸಲ ಹೇಳಿದಾಗ ಗಂಟಲಲ್ಲಿ ಅದುಮಿ ಟಕ್ ಅಂತ ನಿಲ್ಲಿಸಿಬಿಟ್ಟಿದ್ದೆ, ಹಂಗೆ ಹೇಳಿದ್ರೆ ಗಯ್ ಅಂದ್ರೆ ಕೋಲು. ಕೋಲೇ ಅನ್ನದ ಮೇಷ್ಟ್ರು ಅಂತ ಆಗಿಹೋಯ್ತು, ಆ ಬುನ್ ಮಾರೋ ಹೆಂಗಸು ಸೌಟು ಎತ್ತಿ ಹಿಡ್ಕೊಂಡು ಹೊಡೆಯೋ ಹಂಗೆ ಬಂದ್ಲು, ಆಮೇಲೆ ಅದೇ ಸೌಟಲ್ಲಿ ಸಾರು ಹಾಕಿದ್ಲು.